ಮೈಸೂರಿನ ಹಿಂಜರಿಕೆ, ಬ್ರಿಟನ್ನಿನ ಹಿಂಜರಿಕೆ: ಒಂದಾಗೋದರ ಲೆಕ್ಕಾಚಾರ

ಬೇಲಾಪುರದಿಂದ ಮಾತಾಡ್ತಾ ಇದ್ದೀನಿ. ವಿಡಿಯೊ ನೋಡೋಕೆ ಪುರುಸೊತ್ತಿಲ್ಲ, ಲೋಕಲ್‌ನಲ್ಲಿ ನಿಂತುಕೊಂಡೇ ಓದಿಬಿಡ್ತೀವಿ ಅನ್ನೋರಿಗಾಗಿ ಈ ಬರಹರೂಪ. ಮಾತಿನಲ್ಲಿ ಹೇಳಿದ್ದನ್ನು ಸ್ವಲ್ಪ ತಿದ್ದಿ, ತಾರೀಕುಗಳನ್ನು ಸರಿಯಾಗಿ ಕೂರಿಸಿ ಕೊಟ್ಟಿದ್ದೀನಿ.

ಇವತ್ತಿನ ಪ್ರಶ್ನೆ ಇದು. ಬ್ರಿಟನ್ ಯುರೋಪಿನ ಒಕ್ಕೂಟಕ್ಕೆ ಮೊದಲು ಬರಲ್ಲ ಅಂತು, ಆಮೇಲೆ ಬಾಗಿಲು ತಟ್ಟಿತು, ಒಳಗೆ ಬಂದ ಮೇಲೆ ಅರ್ಧ ಮನಸ್ಸಿನಲ್ಲೇ ಕೂತಿತು, ಕೊನೆಗೆ ಎದ್ದು ಹೋಯಿತು. ಯಾಕೆ? ಇದಕ್ಕೆ ಇಂಗ್ಲಿಷಿನಲ್ಲಿ ಸಾವಿರ ಉತ್ತರಗಳಿವೆ. ಆದರೆ ನಮಗೆ ಕನ್ನಡಿಗರಿಗೆ ಇದು ಅಷ್ಟು ದೂರದ ಕಥೆ ಅಲ್ಲ. ಅದೇ 1950ರ ದಶಕದಲ್ಲಿ, ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ, ನಮ್ಮಲ್ಲೂ ಒಂದು ರಾಜ್ಯ ಇದೇ ಲೆಕ್ಕ ಹಾಕ್ತಾ ಕೂತಿತ್ತು: "ನಾವು ಚೆನ್ನಾಗಿದ್ದೀವಿ. ಪಕ್ಕದವರ ಜೊತೆ ಸೇರಿದರೆ ನಮಗೇನು ಲಾಭ? ಅವರ ಹೊರೆ ನಾವ್ಯಾಕೆ ಹೊರಬೇಕು?" ಆ ರಾಜ್ಯದ ಹೆಸರು ಮೈಸೂರು.

ಏಕೀಕರಣ ಅಂದಕೂಡಲೇ ನಮ್ಮ ಕಣ್ಣಿಗೆ ಬರೋದು ನವೆಂಬರ್ 1ರ ಬಾವುಟ, ಹಾಡು, ಮೆರವಣಿಗೆ. ಆ ಹಬ್ಬದ ಹಿಂದೆ ಒಂದು ದೊಡ್ಡ ಜಗಳ ಇತ್ತು ಅನ್ನೋದು ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತೆ. ಇವತ್ತು ಆ ಜಗಳವನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ನಕ್ಷೆಯಿಂದ ಶುರು ಮಾಡೋಣ

ವಿಡಿಯೊದಲ್ಲಿ ತೋರಿಸಿದ ನಕ್ಷೆಯನ್ನು ಇಲ್ಲಿ ಮಾತಿನಲ್ಲೇ ಹೇಳ್ತೀನಿ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕನ್ನಡದ ನೆಲ ಚೂರುಚೂರಾಯಿತು. ಮೈಸೂರು ಒಡೆಯರ ಕೈಯಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿಗೆ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬಯಿಗೆ. ಉತ್ತರ ಕನ್ನಡ ಮೊದಲು ಮದ್ರಾಸಿನಲ್ಲಿತ್ತು, 1862ರಲ್ಲಿ ಅದನ್ನೂ ಮುಂಬಯಿಗೆ ಸೇರಿಸಿದರು. ಬೀದರ್, ಕಲಬುರಗಿ, ರಾಯಚೂರು ಹೈದರಾಬಾದಿನ ನಿಜಾಮನ ಕೈಯಲ್ಲಿ. ಕೊಡಗು 1834ರಿಂದ ಬ್ರಿಟಿಷರ ನೇರ ಆಡಳಿತದಲ್ಲಿ. ಇವುಗಳ ನಡುವೆ ಜಮಖಂಡಿ, ಸವಣೂರು, ಸಂಡೂರಿನಂಥ ಚಿಕ್ಕ ಸಂಸ್ಥಾನಗಳು.

ಇಲ್ಲೊಂದು ವಿಷಯ ಗಮನಿಸಿ. ನಾವು ಈಗ ಬದುಕ್ತಾ ಇರೋ ಈ ಠಾಣೆ ಜಿಲ್ಲೆ, ಅದರೊಳಗಿನ ಬೇಲಾಪುರ, ಇವೆಲ್ಲ 1956ರ ಅಕ್ಟೋಬರ್ 31ರವರೆಗೆ ಧಾರವಾಡದ ಜೊತೆ ಒಂದೇ ರಾಜ್ಯದಲ್ಲಿದ್ದವು. ಧಾರವಾಡದ ರೈತನ ಜಮೀನಿನ ಮೊಕದ್ದಮೆಯ ಮೇಲ್ಮನವಿ ಮುಂಬಯಿ ಹೈಕೋರ್ಟಿಗೆ ಬರ್ತಿತ್ತು. ಹುಬ್ಬಳ್ಳಿಯ ಶಾಸಕರು ಮುಂಬಯಿ ವಿಧಾನಸಭೆಯಲ್ಲಿ ಕೂರ್ತಿದ್ದರು. ಧಾರವಾಡ ಕಡೆಯವರು ಕೆಲಸಕ್ಕೆ ಮುಂಬಯಿಗೆ ಬರೋದು ನಮ್ಮ ಐಟಿ ಕಾಲದ ಹೊಸ ದಾರಿ ಅಲ್ಲ, ನಮ್ಮ ಅಜ್ಜಂದಿರಿಗೆ ಅದು ತಮ್ಮದೇ ರಾಜಧಾನಿ.

ಚೂರಾಗಿರೋದರ ಕಷ್ಟ ಏನು ಅನ್ನೋದಕ್ಕೆ ತುಂಗಭದ್ರೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹೊಸಪೇಟೆಯ ಹತ್ತಿರ ನದಿ ಒಂದೇ, ಎರಡೂ ದಡದಲ್ಲಿ ಕನ್ನಡ ಮಾತಾಡೋ ರೈತರೇ. ಆದರೆ ಬಲದಂಡೆ ಮದ್ರಾಸ್ ಸರ್ಕಾರದ್ದು, ಎಡದಂಡೆ ನಿಜಾಮನದ್ದು. ಬರಗಾಲದ ಸೀಮೆ ಅದು. ಅಲ್ಲಿಗೆ ಅಣೆಕಟ್ಟು ಬೇಕು ಅನ್ನೋ ಮಾತು ದಶಕಗಟ್ಟಲೆ ನಡೆಯಿತು, ಕೆಲಸ ಶುರುವಾಗಿದ್ದು 1945ರಲ್ಲಿ, ಮುಗಿದಿದ್ದು 1953ರ ಹೊತ್ತಿಗೆ. ಎರಡು ಸರ್ಕಾರ, ಎರಡು ಖಜಾನೆ, ಎರಡು ಎಂಜಿನಿಯರ್ ತಂಡ. ನೀರು ಹಂಚೋದಕ್ಕೆ ಮುಂಚೆ ಕಾಗದ ಹಂಚಿಕೊಳ್ಳಬೇಕಿತ್ತು.

ಇನ್ನು ಆಡಳಿತದ ಭಾಷೆ. ಕಲಬುರಗಿಯವನಿಗೆ ಕಚೇರಿಯಲ್ಲಿ ಉರ್ದು. ಬೆಳಗಾವಿ ಕಡೆ ಮರಾಠಿಯ ಭಾರ. ಮದ್ರಾಸಿನಲ್ಲಿ ಕನ್ನಡದವನು ಒಂದು ಮೂಲೆಯವನು. ಅದಕ್ಕೇ ಏಕೀಕರಣದ ಹಸಿವು ಮೊದಲು ಹುಟ್ಟಿದ್ದು ಮೈಸೂರಿನಲ್ಲಲ್ಲ, ಧಾರವಾಡದಲ್ಲಿ. 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಆಲೂರು ವೆಂಕಟರಾಯರ 'ಕರ್ನಾಟಕ ಗತವೈಭವ' ಬಂತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ಹಾಡು ಮೊಳಗಿತು. ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ವಿಧಾನಸಭೆಯಲ್ಲೇ ಏಕೀಕರಣದ ಠರಾವು ಮಂಡಿಸಿದರು.

ಚೆನ್ನಾಗಿದ್ದವರ ಹಿಂಜರಿಕೆ

ಈಗ ಮೈಸೂರಿನ ಕಡೆಯಿಂದ ನೋಡಿ. ಮೈಸೂರಿಗೆ ಕನ್ನಡದ ಹಸಿವಿರಲಿಲ್ಲ, ಯಾಕಂದರೆ ಮನೆ ತುಂಬ ಕನ್ನಡ ಇತ್ತು. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರ ನಡುವೆ ಮೈಸೂರು ಬ್ಯಾಂಕ್, ಮೈಸೂರು ವಿಶ್ವವಿದ್ಯಾಲಯ, ಕನ್ನಡ ಸಾಹಿತ್ಯ ಪರಿಷತ್ತು. ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆ, ಕೃಷ್ಣರಾಜಸಾಗರ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ. ಸ್ವಂತ ರೈಲ್ವೆ ಬೇರೆ.

ಅಂದರೆ 1950ರ ಮೈಸೂರಿನವನ ಕಣ್ಣಿಗೆ ಪಕ್ಕದ ಕನ್ನಡ ಜಿಲ್ಲೆಗಳು ಹೇಗೆ ಕಂಡಿರಬಹುದು? ಮುಂಬಯಿಯ ಕೊನೆಯ ಜಿಲ್ಲೆಗಳು, ಮದ್ರಾಸಿನ ಕೊನೆಯ ಜಿಲ್ಲೆಗಳು, ಹೈದರಾಬಾದಿನ ಕೊನೆಯ ಜಿಲ್ಲೆಗಳು. ಯಾವ ರಾಜಧಾನಿಗೂ ಬೇಡವಾಗಿದ್ದ ಅಂಚುಗಳು. ಶಾಲೆ ಕಡಿಮೆ, ರಸ್ತೆ ಕಡಿಮೆ, ವಿದ್ಯುತ್ ಕಡಿಮೆ. "ಇವನ್ನೆಲ್ಲ ನಮ್ಮ ಮಟ್ಟಕ್ಕೆ ತರೋಕೆ ನಮ್ಮ ಬೊಕ್ಕಸ ಖಾಲಿಯಾಗುತ್ತೆ" ಅನ್ನೋದು ಹಳೆ ಮೈಸೂರಿನ ಹಲವು ನಾಯಕರ ವಾದ. ಸರ್ಕಾರ ಇದಕ್ಕಾಗಿ ಎಂ. ಶೇಷಾದ್ರಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನೇ ನೇಮಿಸಿತು. ಸೇರಿದರೆ ಖರ್ಚೆಷ್ಟು, ಆದಾಯವೆಷ್ಟು ಅಂತ ಅದು ಲೆಕ್ಕ ಹಾಕಿತು. ಲೆಕ್ಕದ ಒಲವು ಗೊತ್ತಾಗೋದು ಕಷ್ಟವಲ್ಲ: ಸೇರೋದು ಮೈಸೂರಿಗೆ ಹೊರೆ.

ಹಣದ ವಾದದ ಕೆಳಗೆ ಇನ್ನೊಂದು ವಾದ ಇತ್ತು. ಅದನ್ನ ವೇದಿಕೆಯಲ್ಲಿ ಮೆಲ್ಲಗೆ, ಮನೆಯಲ್ಲಿ ಜೋರಾಗಿ ಹೇಳ್ತಿದ್ದರು. ಅದು ಜಾತಿಯ ಲೆಕ್ಕ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯಲ್ಲೇ ಈ ಅಂದಾಜು ಇದೆ. ಆಗಿನ ಮೈಸೂರಿನಲ್ಲಿ ಒಕ್ಕಲಿಗರು ಶೇ. 29ಕ್ಕಿಂತ ಸ್ವಲ್ಪ ಕಡಿಮೆ. ಮೈಸೂರಿನ ಹೊರಗಿನ ಕನ್ನಡ ಪ್ರದೇಶಗಳಲ್ಲಿ ಲಿಂಗಾಯತರು ಶೇ. 35ರಿಂದ 40. ಎಲ್ಲ ಸೇರಿದರೆ ಲಿಂಗಾಯತರು ಶೇ. 20ಕ್ಕಿಂತ ತುಸು ಹೆಚ್ಚು, ಒಕ್ಕಲಿಗರು ಶೇ. 13ರಿಂದ 14, ದಲಿತರು ಶೇ. 17ರಿಂದ 18. ಯಾವ ಒಂದು ಸಮುದಾಯವೂ ಮೇಲುಗೈ ಸಾಧಿಸೋಕಾಗಲ್ಲ, ಆದ್ದರಿಂದ ಹೆದರಬೇಕಿಲ್ಲ ಅಂತ ಆಯೋಗ ಸಮಾಧಾನ ಹೇಳಿತು. ಆದರೆ ಶೇ. 29ರಿಂದ 14ಕ್ಕೆ ಇಳಿಯೋನಿಗೆ ಆ ಸಮಾಧಾನ ಸಾಕಾಗಲಿಲ್ಲ.

ಆ ಹೆದರಿಕೆ ಪೂರ್ತಿ ಸುಳ್ಳಾಗಲೂ ಇಲ್ಲ ಅನ್ನೋದನ್ನ ಪ್ರಾಮಾಣಿಕವಾಗಿ ಹೇಳಬೇಕು. 1956ರ ನಂತರ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ಮತ್ತೆ ನಿಜಲಿಂಗಪ್ಪ, ವೀರೇಂದ್ರ ಪಾಟೀಲ ಹೀಗೆ ಸಾಲು ನಡೆಯಿತು. ಏಕೀಕರಣದ ನಂತರ ಒಬ್ಬ ಒಕ್ಕಲಿಗ ಮುಖ್ಯಮಂತ್ರಿಯಾಗಿದ್ದು 1994ರ ಡಿಸೆಂಬರಿನಲ್ಲಿ, ದೇವೇಗೌಡರು. 38 ವರ್ಷ. ಒಂದಾಗೋದರಲ್ಲಿ ಕಳೆದುಕೊಳ್ಳೋರು ಇರ್ತಾರೆ. ಅವರ ಮಾತನ್ನ ಬರೀ ಸ್ವಾರ್ಥ ಅಂತ ತಳ್ಳಿಹಾಕಿದರೆ ಇತಿಹಾಸ ಅರ್ಥ ಆಗಲ್ಲ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ

ಈಗ ಕ್ಯಾಮರಾ ತಿರುಗಿಸೋಣ. 1946ರ ಸೆಪ್ಟೆಂಬರಿನಲ್ಲಿ ಚರ್ಚಿಲ್ ಜೂರಿಕ್‌ನಲ್ಲಿ ನಿಂತು ಯುರೋಪಿನ ದೇಶಗಳು ಒಂದು ಸಂಯುಕ್ತ ಸಂಸ್ಥಾನ ಆಗಬೇಕು ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ಆದರೆ ಆ ಭಾಷಣದಲ್ಲಿ ಬ್ರಿಟನ್ನಿನ ಜಾಗ ಎಲ್ಲಿ ಅಂದರೆ, ಹೊರಗೆ ನಿಂತು ಹರಸೋ ಹಿರಿಯಣ್ಣನ ಜಾಗ. ಮದುವೆ ನೀವಾಗಿ, ನಾವು ಅಕ್ಷತೆ ಹಾಕ್ತೀವಿ.

1950ರ ಮೇ 9ರಂದು ಫ್ರಾನ್ಸಿನ ಶೂಮನ್ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಆಡಳಿತದ ಕೆಳಗೆ ತರೋಣ ಅಂದ. ಯುದ್ಧಕ್ಕೆ ಬೇಕಾದ ಎರಡು ಸಾಮಾನೇ ಅವು, ಅವನ್ನ ಹಂಚಿಕೊಂಡರೆ ಫ್ರಾನ್ಸ್ ಮತ್ತು ಜರ್ಮನಿ ಮತ್ತೆ ಹೊಡೆದಾಡಲ್ಲ ಅನ್ನೋ ಯೋಚನೆ. ಆರು ದೇಶ ಸೇರಿದವು: ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್. ಬ್ರಿಟನ್ನಿನ ಲೇಬರ್ ಸರ್ಕಾರ ಒಲ್ಲೆ ಅಂತು. ಕಲ್ಲಿದ್ದಲು ಗಣಿಗಳನ್ನ 1947ರಲ್ಲಷ್ಟೇ ರಾಷ್ಟ್ರೀಕರಣ ಮಾಡಿದ್ದರು, ಅದನ್ನ ಹೊರಗಿನವರ ಕೈಗೆ ಯಾಕೆ ಕೊಡಬೇಕು? ಕಾಮನ್‌ವೆಲ್ತ್ ವ್ಯಾಪಾರ ಇದೆ, ಅಮೆರಿಕದ ಸ್ನೇಹ ಇದೆ, ಯುದ್ಧ ಗೆದ್ದ ಹೆಮ್ಮೆ ಇದೆ. ಸೋತವರು ಸೇರಿಕೊಳ್ಳಲಿ ಬಿಡಿ.

1955ರ ಜೂನಿನಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಆ ಆರು ದೇಶಗಳು ಇನ್ನೂ ದೊಡ್ಡ ಹೆಜ್ಜೆಗೆ, ಅಂದರೆ ಎಲ್ಲ ಸರಕಿನ ಸಾಮಾನ್ಯ ಮಾರುಕಟ್ಟೆಗೆ, ಮಾತು ಶುರು ಮಾಡಿದವು. ಮುಂದಿನ ಮಾತುಕತೆಗೆ ಬ್ರಿಟನ್ ಕಳಿಸಿದ್ದು ರಸೆಲ್ ಬ್ರೆದರ್ಟನ್ ಅನ್ನೋ ಒಬ್ಬ ವಾಣಿಜ್ಯ ಇಲಾಖೆಯ ಅಧಿಕಾರಿಯನ್ನ. 1955ರ ನವೆಂಬರಿನಲ್ಲಿ ಅವರೂ ಎದ್ದು ಬಂದರು.

ತಾರೀಕು ಜೋಡಿಸಿ ನೋಡಿ. ಬ್ರಿಟನ್ ಎದ್ದು ಬಂದಿದ್ದು 1955ರ ನವೆಂಬರ್. ನಮ್ಮ ರಾಜ್ಯ ಪುನರ್ವಿಂಗಡಣಾ ಆಯೋಗ, ಅಂದರೆ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಈ ಮೂವರ ಆಯೋಗ, ವರದಿ ಕೊಟ್ಟಿದ್ದು 1955ರ ಸೆಪ್ಟೆಂಬರ್ 30. ಲಂಡನ್ನಿನಲ್ಲಿ ಬೇಡ ಅಂತ ತೀರ್ಮಾನ ಆಗ್ತಿದ್ದ ಹೊತ್ತಿಗೆ ಬೆಂಗಳೂರಿನಲ್ಲೂ ಬೇಡ ಅನ್ನೋ ಕೂಗು ಜೋರಾಗಿತ್ತು. ಒಂದು ಕಡೆ ಬೇಡ ಗೆದ್ದಿತು, ಇನ್ನೊಂದು ಕಡೆ ಸೋತಿತು. ಯಾಕೆ?

ಮೈಸೂರು ಯಾಕೆ ಹೊರಗುಳಿಯಲಿಲ್ಲ

ಮೊದಲನೇ ಕಾರಣ ಸರಳ. ಮೈಸೂರಿಗೆ ಬೇಡ ಅನ್ನೋ ಅಧಿಕಾರ ಇರಲಿಲ್ಲ. ಬ್ರಿಟನ್ ಸಾರ್ವಭೌಮ ದೇಶ. ಮೈಸೂರು ಭಾರತದೊಳಗಿನ ರಾಜ್ಯ. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಗಡಿ ಬದಲಿಸೋದು ಸಂಸತ್ತು, ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳ್ತಾರೆ ಅಷ್ಟೇ. ಜನಮತಗಣನೆ ಅನ್ನೋ ಮಾತೇ ಬರಲಿಲ್ಲ.

ಎರಡನೇ ಕಾರಣ ಕಡಿಮೆ ಜನಕ್ಕೆ ಗೊತ್ತು. ಆರ್ಥಿಕ ಏಕೀಕರಣ ಅಷ್ಟರಲ್ಲಿ ಆಗಿಹೋಗಿತ್ತು. ಮೈಸೂರಿನ ಸ್ವಂತ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಗೆ ಸೇರಿತ್ತು. ಸ್ವಾತಂತ್ರ್ಯ ಬಂದ ಮೇಲೆ ವಿ.ಟಿ. ಕೃಷ್ಣಮಾಚಾರಿ ಸಮಿತಿಯ ಸಲಹೆಯಂತೆ 1950ರ ಏಪ್ರಿಲ್ 1ರಿಂದ ಹಳೆಯ ಸಂಸ್ಥಾನಗಳ ಆದಾಯ ತೆರಿಗೆ, ಸುಂಕ, ರೈಲ್ವೆ ಎಲ್ಲ ಕೇಂದ್ರದ ಪಾಲಾದವು. ಮೈಸೂರು ರೈಲ್ವೆ 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. ಅಂದರೆ 1955ರಲ್ಲಿ ಮೈಸೂರು ಕಾಪಾಡಿಕೊಳ್ಳೋಕೆ ಹೊರಟಿದ್ದ ಆ ಸ್ವತಂತ್ರ ಮನೆಯ ಅರ್ಧ ಗೋಡೆ ಆಗಲೇ ಬಿದ್ದಿತ್ತು.

ಮೂರನೇ ಕಾರಣ, ಮೈಸೂರಿನೊಳಗೇ ಒಪ್ಪಿದವರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯ ತಾವೇ ಒಕ್ಕಲಿಗರು, ತಮ್ಮದೇ ಬಳಗದ ವಿರೋಧ ಕಟ್ಟಿಕೊಂಡು ಏಕೀಕರಣದ ಪರ ನಿಂತರು. ಅದಕ್ಕೆ ಅವರು ಕೊಟ್ಟ ಬೆಲೆ ದೊಡ್ಡದು. 1956ರ ಆಗಸ್ಟಿನಲ್ಲಿ ಕುರ್ಚಿ ಹೋಯಿತು. ಕಡಿದಾಳ್ ಮಂಜಪ್ಪ ಎರಡೂವರೆ ತಿಂಗಳು ಮುಖ್ಯಮಂತ್ರಿಯಾದರು, ನವೆಂಬರ್ 1ರಂದು ನಿಜಲಿಂಗಪ್ಪ ಬಂದರು. ಕೆಂಗಲ್ ಕಟ್ಟಿಸಿದ ವಿಧಾನಸೌಧದಲ್ಲಿ ಹೊಸ ರಾಜ್ಯದ ಸಭೆ ಕೂತಿತು, ಕಟ್ಟಿಸಿದವರು ಆ ಕುರ್ಚಿಯಲ್ಲಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿದ್ದ ಕುವೆಂಪು ಬಹಿರಂಗವಾಗಿ ಅಖಂಡ ಕರ್ನಾಟಕದ ಪರ ನಿಂತರು. ಮಹಾರಾಜ ಜಯಚಾಮರಾಜ ಒಡೆಯರ್ ಅಡ್ಡ ಬರಲಿಲ್ಲ, ಒಪ್ಪಿದರು, ಹೊಸ ರಾಜ್ಯದ ರಾಜ್ಯಪಾಲರಾದರು.

ನಾಲ್ಕನೇದು, ಉತ್ತರದ ಒತ್ತಡ. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಉಪವಾಸ ಕೂತರು, ಹುಬ್ಬಳ್ಳಿಯಲ್ಲಿ ಗಲಭೆ ಆಯಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿಯ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಬಾಗಿಲು ತೆರೆದಾಗಿತ್ತು.

ಬ್ರಿಟನ್ನಿನ ಜೊತೆಗಿನ ನಿಜವಾದ ವ್ಯತ್ಯಾಸ ಇಲ್ಲೇ ಇದೆ. ಮೈಸೂರಿನಲ್ಲಿ ಲೆಕ್ಕದ ಪುಸ್ತಕದ ಎದುರಿಗೆ ಇನ್ನೊಂದು ಪುಸ್ತಕ ಇತ್ತು. ಆಲೂರರು 1917ರಿಂದ, ವಿದ್ಯಾವರ್ಧಕ ಸಂಘ ಅದಕ್ಕಿಂತ ಮುಂಚಿನಿಂದ, ಕವಿಗಳು, ಮೇಷ್ಟ್ರುಗಳು, ಪತ್ರಿಕೆಯವರು ಅರವತ್ತು ವರ್ಷ ಕೂತು ಕನ್ನಡದವರೆಲ್ಲ ಒಂದೇ ಮನೆಯವರು ಅನ್ನೋ ಕಥೆ ಕಟ್ಟಿದ್ದರು. ಹಣದ ವಾದ ಬಂದಾಗ ಎದುರು ನಿಲ್ಲೋಕೆ ಆ ಕಥೆ ಸಿದ್ಧವಾಗಿತ್ತು.

ಬ್ರಿಟನ್ ತಡವಾಗಿ ಬಂತು, ಲೆಕ್ಕ ಹಿಡಿದೇ ಬಂತು

1957ರ ಮಾರ್ಚ್ 25ರಂದು ರೋಮ್ ಒಪ್ಪಂದಕ್ಕೆ ಆರು ದೇಶ ಸಹಿ ಹಾಕಿದವು. ಬ್ರಿಟನ್ 1960ರಲ್ಲಿ ಏಳು ದೇಶಗಳ ಇನ್ನೊಂದು ಸಡಿಲ ವ್ಯಾಪಾರ ಕೂಟ ಕಟ್ಟಿತು. ಅದರ ನಡುವೆ ಆ ಆರು ದೇಶಗಳ ಕಾರ್ಖಾನೆಗಳು ಓಡತೊಡಗಿದವು. 1961ರಲ್ಲಿ ಮ್ಯಾಕ್‌ಮಿಲನ್ ಅರ್ಜಿ ಹಾಕಿದ. 1963ರ ಜನವರಿಯಲ್ಲಿ ಫ್ರಾನ್ಸಿನ ದ ಗಾಲ್ ಆಗಲ್ಲ ಅಂದ. 1967ರಲ್ಲಿ ವಿಲ್ಸನ್ ಮತ್ತೆ ಕೇಳಿದ, ದ ಗಾಲ್ ಮತ್ತೆ ಆಗಲ್ಲ ಅಂದ. ದ ಗಾಲ್ ಹೋದ ಮೇಲೆ ಎಡ್ವರ್ಡ್ ಹೀತ್ ಕಾಲದಲ್ಲಿ, 1973ರ ಜನವರಿ 1ರಂದು, ಬ್ರಿಟನ್ ಒಳಗೆ ಬಂತು.

1973. ನಮ್ಮ ಕಡೆ ಆ ವರ್ಷ ಏನಾಯಿತು ನೆನಪಿದೆಯಲ್ವಾ? ನವೆಂಬರ್ 1ಕ್ಕೆ ದೇವರಾಜ ಅರಸರ ಕಾಲದಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. 1956ರಿಂದ 17 ವರ್ಷ ಧಾರವಾಡದವನು, ಬೀದರಿನವನು ಕೂಡ 'ಮೈಸೂರು ರಾಜ್ಯ'ದವನೇ. ಬ್ರಿಟನ್ ಒಳಗೆ ಬಂದೂ ಪೌಂಡ್ ಬಿಡಲಿಲ್ಲ, ಪಾಸ್‌ಪೋರ್ಟ್ ತಪಾಸಣೆ ಬಿಡಲಿಲ್ಲ ಅಂತೀವಲ್ಲ, ಮೈಸೂರಿಗೆ ಆ ಹೆಸರೇ ಪೌಂಡ್. ಅದನ್ನ ಬಿಟ್ಟುಕೊಡೋಕೆ 17 ವರ್ಷ ಬೇಕಾಯಿತು. ಬಿಟ್ಟುಕೊಟ್ಟ ಮುಖ್ಯಮಂತ್ರಿ ಹುಣಸೂರಿನವರು, ಹಳೆ ಮೈಸೂರಿನವರೇ.

ಬ್ರಿಟನ್ನಿನಲ್ಲಿ ಅಂಥ ಗಳಿಗೆ ಬರಲೇ ಇಲ್ಲ. 1975ರ ಜೂನ್ 5ರಂದು ಜನಮತ ಕೇಳಿದರು, ಶೇ. 67 ಜನ ಉಳಿಯೋಣ ಅಂದರು. ಆಗ ಕನ್ಸರ್ವೇಟಿವ್ ಪಕ್ಷದ ಹೊಸ ನಾಯಕಿ ಮಾರ್ಗರೆಟ್ ಥ್ಯಾಚರ್ ಪ್ರಚಾರ ಮಾಡಿದ್ದು ಉಳಿಯೋಣ ಅಂತಲೇ, ವಿರೋಧ ಹೆಚ್ಚಾಗಿ ಲೇಬರ್ ಒಳಗಿತ್ತು. ಆದರೆ ಜನಕ್ಕೆ ಹೇಳಿದ್ದು ಏನು? ಮಾರುಕಟ್ಟೆ, ಬೆಲೆ, ಉದ್ಯೋಗ. ಫ್ರಾನ್ಸ್, ಜರ್ಮನಿಯವರಿಗೆ ಯುರೋಪ್ ಅಂದರೆ ಮತ್ತೆ ಯುದ್ಧ ಬೇಡ ಅನ್ನೋ ಪ್ರತಿಜ್ಞೆ. ಸ್ಪೇನ್, ಪೋರ್ಚುಗಲ್, ಗ್ರೀಸಿಗೆ ಸರ್ವಾಧಿಕಾರದಿಂದ ಹೊರಬಂದ ಗುರುತು. ಬ್ರಿಟನ್ನಿಗೆ ಮಾತ್ರ ಅದು ಒಂದು ಸದಸ್ಯತ್ವ ಚಂದಾ.

ಚಂದಾ ಆದಮೇಲೆ ರಸೀದಿ ನೋಡ್ತಾರಲ್ಲ. 1984ರಲ್ಲಿ ಫಾಂಟೆನ್‌ಬ್ಲೋ ಸಭೆಯಲ್ಲಿ ಥ್ಯಾಚರ್ ಕೊಟ್ಟ ಹಣದ ಒಂದು ಪಾಲು ವಾಪಸ್ ಪಡೆದಳು. ತಮಾಷೆ ನೋಡಿ, 1986ರಲ್ಲಿ ಏಕ ಮಾರುಕಟ್ಟೆಯ ಒಪ್ಪಂದಕ್ಕೆ ಒತ್ತಾಸೆಯಾಗಿ ನಿಂತವಳೂ ಅವಳೇ. 1988ರಲ್ಲಿ ಬ್ರೂಜ್ ಪಟ್ಟಣದ ಭಾಷಣದಲ್ಲಿ ಬ್ರಸೆಲ್ಸ್ ಅತಿಯಾಯಿತು ಅಂದವಳೂ ಅವಳೇ. 1990ರಲ್ಲಿ ಪೌಂಡನ್ನು ಯುರೋಪಿನ ವಿನಿಮಯ ದರಕ್ಕೆ ಕಟ್ಟಿದರು, 1992ರ ಸೆಪ್ಟೆಂಬರ್ 16ಕ್ಕೆ ಆ ಕಟ್ಟು ಹರಿಯಿತು. ಯೂರೊ ಬೇಡ ಅಂದರು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಸೇರಿದಾಗ ಬ್ರಿಟನ್ ಕೂಡಲೇ ಕೆಲಸದ ಬಾಗಿಲು ತೆರೆಯಿತು, ಬಂದವರ ಸಂಖ್ಯೆ ಅಂದಾಜಿಗಿಂತ ಬಹಳ ಹೆಚ್ಚಾಯಿತು, ಅಸಮಾಧಾನ ಬೆಳೆಯಿತು.

2016ರ ಜೂನ್ 23. ಹೊರಗೆ ಹೋಗೋಣ ಅಂದವರು ಶೇ. 51.9, ಉಳಿಯೋಣ ಅಂದವರು ಶೇ. 48.1. ಕೆಂಪು ಬಸ್ಸಿನ ಮೇಲೆ ಬರೆದಿದ್ದು ನೆನಪಿರಬಹುದು: ವಾರಕ್ಕೆ 35 ಕೋಟಿ ಪೌಂಡ್ ಕೊಡ್ತಿದ್ದೀವಿ ಅಂತ. ವಾಪಸ್ ಬರೋ ಪಾಲನ್ನ ಕಳೆಯದೆ ಬರೆದ ಸಂಖ್ಯೆ ಅದು, ಅದಕ್ಕೆ ಟೀಕೆಯೂ ಬಂತು. ಆದರೆ ಉಳಿಯೋಣ ಅನ್ನೋರ ವಾದವೂ ಸಂಖ್ಯೆಯದ್ದೇ: ಹೋದರೆ ಪ್ರತಿ ಮನೆಗೆ ಇಷ್ಟು ನಷ್ಟ ಅಂತ. ಒಂದು ಸಂಖ್ಯೆಯ ಎದುರು ಇನ್ನೊಂದು ಸಂಖ್ಯೆ. ನಾವು ಒಂದೇ ಮನೆಯವರು ಅನ್ನೋ ಮಾತು ಬ್ರಿಟನ್ನಿನಲ್ಲಿ ಯಾರ ಬಾಯಲ್ಲೂ ಗಟ್ಟಿಯಾಗಿ ಬರಲಿಲ್ಲ, ಯಾಕಂದರೆ 43 ವರ್ಷದಲ್ಲಿ ಆ ಮಾತನ್ನ ಯಾರೂ ಕಲಿಸಿರಲಿಲ್ಲ. 2020ರ ಜನವರಿ 31ಕ್ಕೆ ಬ್ರಿಟನ್ ಹೊರಬಂತು.

ಹಾಗಾದರೆ ನಾವು ಗೆದ್ದೆವಾ?

ಇಲ್ಲಿಗೆ ನಿಲ್ಲಿಸಿದರೆ ನಮಗೆ ಖುಷಿಯಾಗುತ್ತೆ. ಕಥೆ ಇದ್ದ ನಾವು ಉಳಿದೆವು, ಬರೀ ಲೆಕ್ಕ ಇದ್ದ ಅವರು ಒಡೆದರು. ಆದರೆ ಇನ್ನೊಂದು ಮುಖ ಇದೆ. ಅದನ್ನ ನಾನು ಪುಸ್ತಕದಲ್ಲಿ ಓದೋದಕ್ಕಿಂತ ಇಲ್ಲಿ ಊಟದ ಮೇಜಿನಲ್ಲಿ ಹೆಚ್ಚು ಕೇಳಿದ್ದೀನಿ. ನಮ್ಮ ಆಫೀಸಿನಲ್ಲಿ ಐದಾರು ಜನ ಕನ್ನಡದವರು ಇದ್ದೀವಿ. ಮಂಡ್ಯದವನು ಒಬ್ಬ, ಕಲಬುರಗಿಯವನು ಒಬ್ಬ, ಉಳಿದವರು ಹುಬ್ಬಳ್ಳಿ, ದಾವಣಗೆರೆ. ಮಂಡ್ಯದವನು "ತೆರಿಗೆ ಕಟ್ಟೋದು ಬೆಂಗಳೂರು, ಖರ್ಚಾಗೋದು ನಿಮ್ಮ ಕಡೆ" ಅಂದ. ಕಲಬುರಗಿಯವನು ಡಬ್ಬಿ ಮುಚ್ಚಿ, "ಹೌದೇನಪಾ? ಹಂಗಾದ್ರ ನಾ ಬೆಂಗಳೂರು ಬಿಟ್ಟು ಇಲ್ಲಿಗ್ಯಾಕ ಬಂದೀನಿ? ನಮ್ಮೂರಿಂದ ಪುಣೆ, ಮುಂಬೈ ಹತ್ರ, ಬೆಂಗಳೂರು ದೂರ. ರೈಲಿನಾಗಷ್ಟೇ ಅಲ್ಲ, ಎಲ್ಲಾದ್ರಾಗೂ ದೂರ" ಅಂದ.

1955ರ ಜಗಳ ಮುಗಿದಿಲ್ಲ, ನೋಡಿ. ಕುರ್ಚಿ ಬದಲಾಗಿದೆ ಅಷ್ಟೇ.

ಲೆಕ್ಕ ಏನು ಹೇಳುತ್ತೆ? ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಕಲಬುರಗಿ ವಿಭಾಗದವು. ಅಂದರೆ ಏಕೀಕರಣವಾಗಿ 46 ವರ್ಷ ಆದಮೇಲೂ ನಿಜಾಮನ ಗಡಿ ನಕ್ಷೆಯಿಂದ ಅಳಿಸಿದ್ದರೂ ನೆಲದ ಮೇಲೆ ಎದ್ದು ಕಾಣ್ತಿತ್ತು. ಹಳೆ ಮೈಸೂರು ಹೆದರಿದ್ದು ಉತ್ತರದ ಹೊರೆ ತಮ್ಮ ಮೇಲೆ ಬೀಳುತ್ತೆ ಅಂತ. ಆಗಿದ್ದು ಬೇರೆ. ರಾಜಧಾನಿ ಬೆಂಗಳೂರಲ್ಲೇ ಉಳಿಯಿತು, ವಿಧಾನಸೌಧ ಸಿದ್ಧವಾಗಿತ್ತು, ಸಾರ್ವಜನಿಕ ಉದ್ದಿಮೆ, ಆಮೇಲೆ ಐಟಿ, ಎಲ್ಲ ಅಲ್ಲೇ ಬೆಳೆದವು. ಸೇರಲ್ಲ ಅಂದವರ ಊರೇ ಸೇರಿದ್ದರಿಂದ ಹೆಚ್ಚು ಪಡೆಯಿತು ಅಂತ ಹೇಳಿದರೆ ಅತಿಯಾಗಲ್ಲ.

ಹಾಗಂತ ಏನೂ ಆಗಿಲ್ಲ ಅನ್ನೋದೂ ಸರಿಯಲ್ಲ. 2008ರಲ್ಲಿ ಧಾರವಾಡ, ಕಲಬುರಗಿಗೆ ಹೈಕೋರ್ಟ್ ಪೀಠ ಬಂತು. 2012ರ ಅಕ್ಟೋಬರ್ 11ಕ್ಕೆ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂದು ಹೈದರಾಬಾದ್ ಕರ್ನಾಟಕದವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ಸಿಕ್ಕಿತು. ಯುರೋಪಿನ ಒಕ್ಕೂಟ ಬಡ ಪ್ರಾಂತ್ಯಗಳಿಗೆ ಅಂತಲೇ 1975ರಲ್ಲಿ ಪ್ರತ್ಯೇಕ ನಿಧಿ ಮಾಡಿತು, ಅಂದರೆ ಶುರುವಾಗಿ ಎರಡು ದಶಕದೊಳಗೆ. ನಾವು 371ಜೆಗೆ ಬರೋಕೆ 56 ವರ್ಷ ತಗೊಂಡೆವು. ಹಾಡು ಇದೆ ಅಂತ ನಾವು ಲೆಕ್ಕದ ಪುಸ್ತಕ ತೆಗೆಯಲಿಲ್ಲ.

ಕಾಸರಗೋಡು, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಇವುಗಳ ಮಾತು ಬೇರೆಯೇ. 1967ರ ಮಹಾಜನ ವರದಿ ಬೆಳಗಾವಿಯನ್ನು ಅಲ್ಲೇ ಉಳಿಸಿ, ಇವುಗಳಲ್ಲಿ ಕನ್ನಡದ ಭಾಗಗಳನ್ನ ನಮ್ಮ ಕಡೆಗೆ ಸೂಚಿಸಿತು. ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅದಕ್ಕೆ ಒಂದು ಪ್ರತ್ಯೇಕ ಕಂತು ಬೇಕು, ಇಲ್ಲಿ ಬಿಡ್ತೀನಿ.

ಇಲ್ಲಿ ಕೂತವರಿಗೆ ಇದರಿಂದ ಏನು

ಯುರೋಪ್ ಮೊದಲು ಮಾರುಕಟ್ಟೆ ಕಟ್ಟಿತು, ರಾಜಕೀಯ ಆಮೇಲೆ. 1968ರ ಜುಲೈ 1ಕ್ಕೇ ಆ ಆರು ದೇಶಗಳ ನಡುವೆ ಸುಂಕ ಹೋಯಿತು. ನಾವು ಮೊದಲು ರಾಜಕೀಯ ಕಟ್ಟಿದೆವು, ಮಾರುಕಟ್ಟೆ ಆಮೇಲೆ. ಐರೋಲಿ, ಮುಲುಂಡ್ ನಾಕಾದಲ್ಲಿ ಆಕ್ಟ್ರಾಯ್ ಕಟ್ಟೋಕೆ ಲಾರಿಗಳು ಸಾಲುಗಟ್ಟಿ ನಿಲ್ಲೋದನ್ನ ನಿಮ್ಮಲ್ಲಿ ಹಳಬರು ನೋಡಿರ್ತೀರಿ. ಅದು ನಿಂತಿದ್ದು 2017ರ ಜುಲೈ 1ಕ್ಕೆ, ಜಿಎಸ್‌ಟಿ ಬಂದ ದಿನ.

ಆದರೆ ಒಂದು ವಿಷಯದಲ್ಲಿ ನಾವು ಮೊದಲ ದಿನದಿಂದಲೇ ಮುಂದೆ. ಸಂವಿಧಾನದ 19ನೇ ವಿಧಿ. ಯಾವ ಭಾರತೀಯನೂ ದೇಶದಲ್ಲಿ ಎಲ್ಲಿಗಾದರೂ ಹೋಗಬಹುದು, ನೆಲೆಸಬಹುದು, ಕೆಲಸ ಮಾಡಬಹುದು. 2021ರ ಜನವರಿ 1ರಿಂದ ಪೋಲೆಂಡಿನ ಎಂಜಿನಿಯರ್ ಲಂಡನ್ನಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಬೇಕಾದರೆ ವೀಸಾ ಬೇಕು, ನಮ್ಮ ಹುಡುಗರು ಆನ್‌ಸೈಟಿಗೆ ಹೋಗೋವಾಗ ನಿಲ್ಲೋ ಅದೇ ಸಾಲಿನಲ್ಲಿ ಅವನೂ ನಿಲ್ಲಬೇಕು. ಅಲ್ಲಿದ್ದ ಹಕ್ಕು ಒಂದು ಮತದಾನದಲ್ಲಿ ಹೋಯಿತು. ನಾವು ಬೀದರಿನಿಂದ ರಾತ್ರಿ ರೈಲು ಹತ್ತಿ ಬೆಳಗ್ಗೆ ಕಲ್ಯಾಣದಲ್ಲಿ ಇಳೀತೀವಿ, ಯಾರೂ ಕೇಳಲ್ಲ. ಇದನ್ನ ನಾವು ಗಾಳಿಯ ಹಾಗೆ ಅಂದುಕೊಂಡಿದ್ದೀವಿ.

ಹೊರಗಿನವರು ಬಂದು ನಮ್ಮ ಕೆಲಸ ತಗೊಂಡರು ಅನ್ನೋ ಮಾತು 2016ರ ಬ್ರಿಟನ್ನಿನಲ್ಲಿ ಮಾತ್ರ ಹುಟ್ಟಿದ್ದಲ್ಲ. 1960ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ದಕ್ಷಿಣದವರ ಮೇಲೆ ಆ ಮಾತು ಬಿತ್ತು, ಉಡುಪಿ ಹೋಟೆಲಿನವರ ಗಾಜು ಒಡೆಯಿತು. ಇವತ್ತು ಬೆಂಗಳೂರಿನಲ್ಲಿ ಅದೇ ಮಾತನ್ನ ನಮ್ಮವರು ಬೇರೆಯವರ ಬಗ್ಗೆ ಆಡ್ತಾರೆ. ಬೇಲಾಪುರದಲ್ಲಿ ಬಾಡಿಗೆಗಿರೋ ನಾವು ಆ ಮಾತಿನ ಎರಡೂ ತುದಿ ಕಂಡವರು. ಬಂದ ಊರಿನ ಭಾಷೆ ಕಲಿಯೋದು, ಮರಾಠಿ ಮಾತಾಡೋದು ನಮ್ಮ ಕರ್ತವ್ಯ. ಹಾಗೇ, ಬಂದವನನ್ನ ಹೊರೆ ಅನ್ನೋ ಮುಂಚೆ ಲೆಕ್ಕ ಪೂರ್ತಿ ಹಾಕೋದೂ ಕರ್ತವ್ಯ.

ನನ್ನ ತೀರ್ಮಾನ ಇಷ್ಟು. ಬರೀ ಲಾಭ ನಷ್ಟದ ಮೇಲೆ ಕಟ್ಟಿದ ಒಕ್ಕೂಟ, ಲೆಕ್ಕ ತಪ್ಪಿದ ದಿನ ಒಡೆಯುತ್ತೆ. ಬ್ರಿಟನ್ ಅದಕ್ಕೆ ಸಾಕ್ಷಿ. ಬರೀ ಅಭಿಮಾನದ ಮೇಲೆ ಕಟ್ಟಿದ ಒಕ್ಕೂಟ ಒಡೆಯೋದಿಲ್ಲ, ಆದರೆ ಅದರೊಳಗೆ ಕೆಲವರು ಕಾಯ್ತಾ ಕೂರ್ತಾರೆ, ಕಾದು ಸಾಕಾಗಿ ಬೇರೆ ಊರಿಗೆ ಹೋಗ್ತಾರೆ. ಕಲಬುರಗಿ ಅದಕ್ಕೆ ಸಾಕ್ಷಿ. ಮಂಡ್ಯದವನು ಮತ್ತು ಕಲಬುರಗಿಯವನು ಇಬ್ಬರೂ ನವೆಂಬರ್ 1ಕ್ಕೆ ವಾಶಿಯಲ್ಲಿ ಒಟ್ಟಿಗೆ ಬಾವುಟ ಹಾರಿಸ್ತಾರೆ. ಅದು ಸಣ್ಣ ವಿಷಯ ಅಲ್ಲ. ಆದರೆ ನವೆಂಬರ್ 2ರಂದು ಆ ಇಬ್ಬರೂ ಕೂತು ನಂಜುಂಡಪ್ಪ ವರದಿಯ ಆ 39 ತಾಲ್ಲೂಕುಗಳ ಪಟ್ಟಿಯನ್ನೂ ಓದಬೇಕು.

ಮುಂದಿನ ಕಂತಿನಲ್ಲಿ 1960ರ ಮೇ 1ರ ಕಥೆ. ಮುಂಬಯಿ ರಾಜ್ಯ ಎರಡಾದಾಗ ಈ ಮಹಾನಗರ ಯಾರಿಗೆ ಅನ್ನೋ ಪ್ರಶ್ನೆ ಹೇಗೆ ಬಗೆಹರಿಯಿತು, ಆಗ ಇಲ್ಲಿದ್ದ ಕನ್ನಡದವರು ಯಾವ ಕಡೆ ನೋಡ್ತಿದ್ದರು ಅನ್ನೋದನ್ನ ಮಾತಾಡೋಣ.